ಇನ್ನೊಂದು ಸಲ ಬಂದ್ರೆ ಹಾಕಿದ ದುಡ್ಡು ಹುಟ್ಟುತ್ತೆ

2025ರ ಅಕ್ಟೋಬರ್‌ನಲ್ಲಿ ಡಿಸ್ನಿಯವರು ಅಮೆರಿಕದ ತಮ್ಮ ಥೀಮ್ ಪಾರ್ಕುಗಳಲ್ಲಿ ಮತ್ತೆ ರೇಟ್ ಏರಿಸಿದರು. ನಿಮಗೆ ಗೊತ್ತೇ ಇದೆ, ಅಮೆರಿಕದಲ್ಲಿ ನೆಂಟರಿರುವ ಪ್ರತಿ ಫ್ಯಾಮಿಲಿ ಗ್ರೂಪಿನಲ್ಲೂ ಅಳು ಕೇಳಿ ಆಗಿದೆ. ಈಚಿನ ವರ್ಷಗಳಲ್ಲಿ ಅಕ್ಟೋಬರ್ ಅಂದರೆ ನಮಗೆ ದಸರಾ, ಅವರಿಗೆ ದರ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ರಶ್ ಇರುವ ದಿನದ ಒಂದು ಟಿಕೆಟ್ 224 ಡಾಲರ್ ಆಯ್ತು. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಇನ್‌ಕ್ರೆಡಿ-ಪಾಸ್ ಅನ್ನೋ ವರ್ಷದ ಪಾಸು 2021ರಲ್ಲಿ 1,299 ಡಾಲರ್ ಇದ್ದದ್ದು 2025ರ ಅಕ್ಟೋಬರ್‌ಗೆ 1,629 ಆಗಿ ಕೂತಿದೆ. ತೆರಿಗೆ ಬೇರೆ. 1955ರಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ದೊಡ್ಡವರು ಒಳಗೆ ಹೋಗೋಕೆ ಒಂದು ಡಾಲರ್ ಇತ್ತು. ರೈಡಿಗೆ ಬೇರೆ ಕೊಡಬೇಕಿತ್ತು ಅನ್ನಿ.

ರೇಟಿನ ಬಗ್ಗೆ ನನ್ನ ತಕರಾರಿಲ್ಲ. ಮಾರೋನು ಮಾರ್ತಾನೆ, ಕೊಳ್ಳೋನು ಕೊಳ್ತಾನೆ. ನನಗೆ ನಿಜವಾಗಿ ಬೆರಗು ಹುಟ್ಟಿಸಿರೋದು, ಆ ರೇಟಿನ ಹೊಟ್ಟೆಯೊಳಗಿಂದಲೂ ನಮ್ಮ ಜನ ಹೆಕ್ಕಿ ತೆಗೆಯುವ ಉಳಿತಾಯ.

ನ್ಯೂಜೆರ್ಸಿಯಿಂದಲೋ ಡಲ್ಲಾಸ್‌ನಿಂದಲೋ ಹೋದ ಯಾವುದೇ ಕನ್ನಡ ಕುಟುಂಬವನ್ನು ಕೊನೆಯ ದಿನ ಸಂಜೆ ನೋಡಿ. ಚಿಕ್ಕದು ಸ್ಟ್ರಾಲರ್‌ನಲ್ಲಿ ಬಾಯಿ ತೆರೆದು ನಿದ್ದೆ ಮಾಡ್ತಿದೆ. ದೊಡ್ಡದು ಬೆಳಕಿನ ಕತ್ತಿ ಬೇಕು ಅಂತ ಹಠ ಹಿಡಿದಿದೆ. ಅಮ್ಮ ಝಿಪ್‌ಲಾಕ್ ಕವರಿನಲ್ಲಿ ಉಳಿದ ಪುಳಿಯೋಗರೆಯನ್ನು ಕಾಲ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದಾರೆ (ಹೊರಗಿನ ಊಟ ಒಳಗೆ ತರಬಹುದು, ಅದೊಂದು ಪುಣ್ಯ ಕಟ್ಕೊಂಡಿದ್ದಾರೆ). ಅಪ್ಪ ಮಾತ್ರ ನಿಂತಿದ್ದಾರೆ, ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆದು.

"ನೋಡು, ಈ ಟಿಕೆಟ್ಟಿಗೆ ಕೊಟ್ಟ ದುಡ್ಡನ್ನ ಪಾಸಿಗೆ ಜಮಾ ಮಾಡ್ಕೋತಾರೆ. ಇವತ್ತೇ ಕೊನೆ. ಟಿಕೆಟ್ ಮುಗಿದ್ ಮೇಲೆ ಕೇಳಿದ್ರೆ ನಯಾಪೈಸೆ ಇಲ್ಲ."

"ರೀ, ನಾವು ಮತ್ತೆ ಬರ್ತೀವಾ?"

"ಬರದೆ ಏನು? ಪಾಸಿದ್ರೆ ಬರಲೇಬೇಕಲ್ಲ."

ಈ ಲೆಕ್ಕದ ಮುಂದೆ ಐಐಎಂ ಮೇಷ್ಟ್ರುಗಳೂ ಕೈ ಮುಗಿಯಬೇಕು. ಟಿಕೆಟ್ಟಿಗೆ ತಲೆಗೆ ಏಳುನೂರು ಡಾಲರ್ ಕೊಟ್ಟಿದ್ದರು ಅಂತಿಟ್ಟುಕೊಳ್ಳಿ. ಪಾಸಿಗೆ ಇನ್ನು ಒಂಬೈನೂರು ಚಿಲ್ಲರೆ ಸೇರಿಸಿದರೆ ಸಾಕು. ನಾಲ್ಕು ಜನಕ್ಕೆ ಮೂರು ಸಾವಿರದ ಏಳುನೂರು ಚಿಲ್ಲರೆ. ಅಷ್ಟು ಕೊಟ್ಟುಬಿಟ್ಟರೆ ಮುಂದಿನ ಸಲದ ಟಿಕೆಟ್ ಫ್ರೀ! ಆ ಫ್ರೀ ಟಿಕೆಟ್ ಹಾಳಾಗಬಾರದು ಅಂತ ನಾಲ್ಕು ಜನಕ್ಕೆ ವಿಮಾನ, ಹೋಟೆಲು, ಬಾಡಿಗೆ ಕಾರು, ಮತ್ತೆ ಬೆಳಕಿನ ಕತ್ತಿ. ಮೊದಲ ಸಲದ ಕತ್ತಿ ಮನೆಯಲ್ಲಿ ಸೋಫಾದ ಕೆಳಗೆ ಬ್ಯಾಟರಿ ಸತ್ತು ಬಿದ್ದಿರುತ್ತೆ. ಎರಡನೇ ಸಲ ಹೋಗಿ ಬಂದ ಮೇಲೂ ದುಡ್ಡು ಪೂರ್ತಿ ಹುಟ್ಟಿರೋಲ್ಲ, ಅದಕ್ಕೆ ಮೂರನೇ ಸಲ. ಒಟ್ಟು ಪಾಸುಗಳ ಬೆಲೆ ತೆರಿಗೆ ಸೇರಿ 6,900 ಡಾಲರ್ ದಾಟುತ್ತೆ, ನಮ್ಮ ರೂಪಾಯಿಯಲ್ಲಿ ಆರು ಲಕ್ಷದ ಆಸುಪಾಸು. ಆ ದುಡ್ಡಿಗೆ ಹಾಸನದ ಕಡೆ ಏನೇನು ಬರುತ್ತೆ ಅಂತ ಊರಿನಲ್ಲಿರೋ ಮಾವನವರ ಕಿವಿಗೆ ಮಾತ್ರ ಹಾಕಬೇಡಿ.

ಇದರೊಳಗೊಂದು ಸೂಕ್ಷ್ಮ ಇದೆ. ಟಿಕೆಟನ್ನು ಪಾಸು ಮಾಡಿಸಿಕೊಂಡರೆ ಪಾಸಿನ ವರ್ಷ ಶುರುವಾಗೋದು ನೀವು ಕೌಂಟರಿನಲ್ಲಿ ದುಡ್ಡು ಕೊಟ್ಟ ದಿನದಿಂದ ಅಲ್ಲ, ಆ ಟಿಕೆಟ್ ಮೊದಲು ಬಳಸಿದ ದಿನದಿಂದ. ಅಂದರೆ ಈ ಸಲ ಕ್ರಿಸ್‌ಮಸ್ ಮಾರನೇ ದಿನ ಒಳಗೆ ಹೋದವರು ಬರೋ ವರ್ಷವೂ ಅದೇ ಹೊತ್ತಿಗೆ ಹೋಗೋಣ ಅಂತ ಹೊರಟರೆ, ಇವರು ವಿಮಾನ ಇಳಿಯೋ ಹೊತ್ತಿಗೆ ಪಾಸು ತೀರಿಕೊಂಡಿರುತ್ತೆ. ಮಕ್ಕಳಿಗೆ ಮಧ್ಯೆ ಎಲ್ಲಾದರೂ ಸ್ಕೂಲು ತಪ್ಪಿಸಲೇಬೇಕು. ತಪ್ಪಿಸ್ತಾರೆ. ಟೀಚರ್‌ಗೆ ಮೇಲ್ ಹೋಗುತ್ತೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ.

ಮಕ್ಕಳ ವಿಷಯ ಬಂತಲ್ಲ. ಡಿಸ್ನಿ ವರ್ಲ್ಡ್‌ನ ದಿನದ ಟಿಕೆಟ್ಟಿನಲ್ಲಿ ಮೂರರಿಂದ ಒಂಬತ್ತು ವರ್ಷದವರೆಗೆ ಮಕ್ಕಳ ರೇಟು, ಕೆಲವೇ ಡಾಲರ್ ಕಮ್ಮಿ. ಹತ್ತು ತುಂಬಿತೋ, ಅವರು ವಯಸ್ಕರು. ಮನೆಯಲ್ಲಿ ಶೂ ಲೇಸು ಕಟ್ಟಿಕೊಳ್ಳೋಕೆ ಬರದ ವಯಸ್ಕರು. ವರ್ಷದ ಪಾಸಿನಲ್ಲಂತೂ ಆ ಕೆಲವು ಡಾಲರ್ ದಯೆಯೂ ಇಲ್ಲ. ಮೂರು ವರ್ಷ ಆಯ್ತಾ, ಅಪ್ಪನಿಗೆ ಎಷ್ಟೋ ಮಗುವಿಗೂ ಅಷ್ಟೇ. ಅಷ್ಟು ಕೊಟ್ಟು ಒಳಗೆ ಹೋದರೆ ಸ್ಪೇಸ್ ಮೌಂಟನ್ ಅನ್ನೋ ರೈಡಿನ ಬಾಗಿಲಲ್ಲಿ 44 ಇಂಚಿನ ಅಳತೆ ಕೋಲು, ಟ್ರಾನ್ ಅನ್ನೋ ರೈಡಿನ ಬಾಗಿಲಲ್ಲಿ 48 ಇಂಚಿನದು. ದುಡ್ಡು ತಗೊಳ್ಳೋವಾಗ ಮಗು ದೊಡ್ಡದು, ರೈಡ್ ಹತ್ತಿಸೋವಾಗ ಚಿಕ್ಕದು.

ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್ ಎಷ್ಟೋ ವಾಸಿ. ಅವನಿಗೆ ಆರರವರೆಗೆ ಟಿಕೆಟ್ಟೇ ಬೇಡ, ಹನ್ನೆರಡರವರೆಗೆ ಅರ್ಧ. "ಎಷ್ಟಮ್ಮಾ ವಯಸ್ಸು?" ಅಂತ ಕೇಳ್ತಾನೆ. "ಐದು ತುಂಬ್ತು" ಅಂತಾಳೆ ತಾಯಿ, ಕಿಟಕಿಯಾಚೆ ನೋಡ್ತಾ. ಹುಡುಗ ಕೂತಲ್ಲಿಂದಲೇ "ಇಲ್ಲ, ನಾನು ಮೂರನೇ ಕ್ಲಾಸು" ಅಂತ ಹೆಮ್ಮೆಯಿಂದ ಕೂಗ್ತಾನೆ. ತೊಡೆಗೊಂದು ಚಿವುಟು ಬೀಳುತ್ತೆ. ಕಂಡಕ್ಟರ್ ನಕ್ಕು ಅರ್ಧ ಟಿಕೆಟ್ ಹರಿದು ಕೊಡ್ತಾನೆ, ಕೆಲವೊಮ್ಮೆ ಅದನ್ನೂ ಕೊಡದೆ ಮುಂದೆ ಹೋಗ್ತಾನೆ. ಈ ವಯಸ್ಸಿನ ಚೌಕಾಸಿ ಇದೆಯಲ್ಲ, ಅದು ನಮ್ಮ ರಕ್ತದಲ್ಲೇ ಇದೆ. ಡಿಸ್ನಿ ವರ್ಲ್ಡ್ ಇರೋ ಒರ್ಲ್ಯಾಂಡೋಗೆ ಹೋದ ಅಜ್ಜಿಯೊಬ್ಬರು ಗೇಟಿನಲ್ಲಿ ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು "ಇನ್ನೂ ಕೈಗೂಸು" ಅಂದರೆ ನನಗೇನೂ ಆಶ್ಚರ್ಯ ಇಲ್ಲ. ಮೇಲಾಗಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಜೀರೋ ಟಿಕೆಟ್ ಹಿಡಿದು ಧರ್ಮಸ್ಥಳ, ಹೊರನಾಡು ಎಲ್ಲ ಸುತ್ತಿ ಬಂದ ಹೆಂಗಸು ಅವರು. ಅಂಥವರನ್ನು ಗೇಟಿನಲ್ಲಿ ಯಂತ್ರದ ಮೇಲೆ ಬೆರಳಿಡು ಅಂತಾರೆ ಡಿಸ್ನಿಯವರು. ದೇವಸ್ಥಾನದಲ್ಲೂ ಯಾರೂ ಕೇಳಿರಲಿಲ್ಲ.

ಇಷ್ಟು ದುಬಾರಿ ಯಾಕೆ, ಅಗ್ಗದ ಪಾಸಿಲ್ವಾ ಅಂತ ಕೇಳ್ತೀರಿ. ಇದೆ. ಪಿಕ್ಸಿ ಡಸ್ಟ್ ಅಂತ. ಫ್ಲೋರಿಡಾದ ನಿವಾಸಿಗಳಿಗೆ ಮಾತ್ರ. ಹೆಚ್ಚಾಗಿ ವಾರದ ದಿನಗಳಲ್ಲಿ ನಡೆಯುತ್ತೆ, ಶನಿವಾರ ಭಾನುವಾರ ಮತ್ತು ದೊಡ್ಡ ರಜಗಳಲ್ಲಿ ಇಲ್ಲ. ಅಂದರೆ ಮಕ್ಕಳು ಸ್ಕೂಲಿನಲ್ಲೂ ಅಪ್ಪ ಅಮ್ಮ ಆಫೀಸಿನಲ್ಲೂ ಇರುವ ದಿನಗಳಲ್ಲಿ ಇಡೀ ಕುಟುಂಬ ಆರಾಮಾಗಿ ಹೋಗಿ ಮಜಾ ಮಾಡಬಹುದು. ಎಂಥ ದೂರದೃಷ್ಟಿ!

ದುಬಾರಿ ಪಾಸು ಕೊಂಡವರಾದರೂ ಬೇಕಾದಾಗ ನುಗ್ಗಬಹುದಾ? ಅದೂ ಇಲ್ಲ. 2024ರ ಜನವರಿ 9ರಿಂದ ದಿನದ ಟಿಕೆಟ್ ಕೊಂಡವರಿಗೆ ಮುಂಗಡ ರಿಸರ್ವೇಶನ್ ಬೇಕಿಲ್ಲ. ವರ್ಷದ ಪಾಸಿನವರಿಗೆ ಎಷ್ಟೋ ದಿನ ಇನ್ನೂ ಬೇಕು. ಮಧ್ಯಾಹ್ನ ಎರಡರ ಮೇಲೆ ಬನ್ನಿ ಪರವಾಗಿಲ್ಲ, ಆದರೆ ಶನಿವಾರ ಭಾನುವಾರ ಅಲ್ಲಿನ ಮ್ಯಾಜಿಕ್ ಕಿಂಗ್‌ಡಂ ಅನ್ನೋ ಪಾರ್ಕಿಗೆ ಹಾಗೂ ಬರಬೇಡಿ. ಒಂದು ದಿನಕ್ಕೆ ದುಡ್ಡು ಕೊಟ್ಟವನು ಸೀದಾ ಒಳಗೆ, ವರ್ಷಕ್ಕೆ ಕೊಟ್ಟವನು ಅಪ್ಪಣೆ ಕೇಳಿಕೊಂಡು. ನಮ್ಮಲ್ಲೂ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವರ್ಷದ ಪಾಸು ಬಂತಲ್ಲ, ಶುರುವಿನಲ್ಲಿ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಪುಣ್ಯಕ್ಕೆ ಬಿಡದಿ ಟೋಲಿನವರು ನಾಳೆ ಬರ್ತೀನಿ ಸ್ವಾಮಿ ಅಂತ ಮೊದಲೇ ಬರೆದುಕೊಡು ಅಂತ ಇನ್ನೂ ಕೇಳಿಲ್ಲ. ಇದನ್ನು ಓದಿದರೆ ಕೇಳಬಹುದು.

ಕ್ಯಾಲಿಫೋರ್ನಿಯಾದಲ್ಲಿ ಇದೇ ಕಥೆ ಕೋರ್ಟಿಗೂ ಹೋಗಿತ್ತು. 2021ರಲ್ಲಿ ಡ್ರೀಮ್ ಕೀ ಅಂತ 1,399 ಡಾಲರ್ ಪಾಸು ಮಾರಿದರು, ವರ್ಷದಲ್ಲಿ ಯಾವ ದಿನವೂ ಬಂದ್ ಇಲ್ಲ ಅಂತ. ಕೊಂಡವರು ರಿಸರ್ವೇಶನ್ ಮಾಡಲು ಹೋದರೆ ಜಾಗ ಇಲ್ಲ, ಅದೇ ದಿನ ಟಿಕೆಟ್ ಮಾತ್ರ ಮಾರಾಟಕ್ಕಿದೆ. ಕೇಸು ಬಿತ್ತು, ಕೊನೆಗೆ 95 ಲಕ್ಷ ಡಾಲರ್‌ಗೆ ರಾಜಿ. ತಲೆಗೆ ಬಂದದ್ದು ಸುಮಾರು 67 ಡಾಲರ್. ಅಷ್ಟರಲ್ಲಿ ಡ್ರೀಮ್ ಕೀ ಹೋಗಿ 1,599 ಡಾಲರಿನ ಇನ್‌ಸ್ಪೈರ್ ಕೀ ಬಂತು, ಅದು ಕ್ರಿಸ್‌ಮಸ್ ಹೊತ್ತಿನಲ್ಲಿ ಬಂದ್. ಈ ಸಲ ಮೊದಲೇ ಹೇಳಿ ಬಂದ್ ಮಾಡಿದ್ದಾರೆ, ಪ್ರಾಮಾಣಿಕತೆ ಅಂದ್ರೆ ಇದು.

ಇನ್ನೂ ಚೆನ್ನಾಗಿರೋದು 2022ರ ಆಗಸ್ಟ್‌ನದು. ಕಂಪನಿ ತನ್ನ ತ್ರೈಮಾಸಿಕ ಲೆಕ್ಕ ಒಪ್ಪಿಸುತ್ತಾ, ಡಿಸ್ನಿಲ್ಯಾಂಡಿಗೆ ಬರುವ ಜನರ ಬೆರಕೆ ನಮಗೆ ಅನುಕೂಲವಾಗಿಲ್ಲ ಅಂತ ಬರೆಯಿತು. ಪಾಸಿನವರು ಜಾಸ್ತಿ ಬಂದು ಕಮ್ಮಿ ಖರ್ಚು ಮಾಡ್ತಾರೆ ಅಂತಲೇ ಎಲ್ಲರೂ ಅದನ್ನು ಓದಿಕೊಂಡರು. ಪಾಸು ಮಾರಿದ್ದು ಯಾರು? ಪದೇ ಪದೇ ಬನ್ನಿ ಅಂದದ್ದು ಯಾರು? ಇದಕ್ಕೆ ಪಾಸಿನವರು ಸಿಟ್ಟಾಗಿ ಪಾಸು ಹರಿದು ಹಾಕಿದರು ಅಂದುಕೊಂಡಿರಾ? ಆ ಮಾತನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು ಮತ್ತೆ ಪಾರ್ಕಿಗೇ ಹೋದರು. ಬೈಸಿಕೊಂಡದ್ದನ್ನೂ ಸಮವಸ್ತ್ರ ಮಾಡಿಕೊಂಡ ಗಿರಾಕಿ ಯಾವ ಕಿರಾಣಿ ಅಂಗಡಿ ಶೆಟ್ಟರಿಗೆ ಸಿಕ್ಕಾನು?

ತಮಾಷೆ ಸಾಕು. ನನಗೆ ನಿಜವಾಗಿ ಕೋಪ ಬರೋದು ಕ್ಯೂ ವಿಷಯಕ್ಕೆ. 1999ರಲ್ಲಿ ಫಾಸ್ಟ್‌ಪಾಸ್ ಅಂತ ತಂದಿದ್ದರು, ಟಿಕೆಟ್ ಇದ್ದವರಿಗೆಲ್ಲ ಪುಕ್ಕಟೆ. ಹೊತ್ತು ಗೊತ್ತು ಮಾಡಿಕೊಂಡು ಹೋದರೆ ಸಾಲಿನಲ್ಲಿ ನಿಲ್ಲೋದು ತಪ್ಪುತ್ತಿತ್ತು. ಕೋವಿಡ್‌ನಲ್ಲಿ ನಿಲ್ಲಿಸಿದರು. 2021ರ ಅಕ್ಟೋಬರ್‌ನಲ್ಲಿ ಅದೇ ಸೌಕರ್ಯವನ್ನು ಜೀನಿ ಪ್ಲಸ್ ಅಂತ ಹೆಸರು ಬದಲಿಸಿ, ತಲೆಗೆ ದಿನಕ್ಕೆ 15 ಡಾಲರಿನಂತೆ ಮಾರಿದರು. ಈಗ ಅದು ಲೈಟ್ನಿಂಗ್ ಲೇನ್. ಅದರ ಪ್ರೀಮಿಯರ್ ನಮೂನೆಗೆ 2024ರಲ್ಲಿ ಶುರುವಾದಾಗಲೇ ಕೆಲವು ದಿನ 449 ಡಾಲರ್‌ವರೆಗೆ ಬೆಲೆ ಇತ್ತು, ಒಬ್ಬರಿಗೆ, ಒಂದು ದಿನಕ್ಕೆ. ವರ್ಷದ ಪಾಸಿನಲ್ಲಿ ಇದ್ಯಾವುದೂ ಸೇರಿಲ್ಲ. ಸಾವಿರಾರು ಡಾಲರ್ ಕೊಟ್ಟ ಮನೆಯ ಮಗು ಬಿಸಿಲಲ್ಲಿ ಗಂಟೆಗಟ್ಟಲೆ ನಿಂತು, ಪಕ್ಕದ ಸಾಲಿನಲ್ಲಿ ಇನ್ನಷ್ಟು ಕೊಟ್ಟ ಮನೆಯ ಮಗು ನಡೆದುಕೊಂಡು ಹೋಗೋದನ್ನು ನೋಡಬೇಕು. ಅದು ಕೇಳುತ್ತೆ, ಅಪ್ಪಾ ಅವರು ಯಾಕೆ ಮೊದಲು ಅಂತ. ಏನು ಹೇಳ್ತೀರಿ ಅದಕ್ಕೆ? ಐದು ವರ್ಷದ ಮಗುವಿಗೆ ಇದನ್ನು ಕಲಿಸೋಕೆ ಅಷ್ಟು ದೂರ ವಿಮಾನದಲ್ಲಿ ಕರೆದುಕೊಂಡು ಹೋಗಬೇಕಿತ್ತಾ? ಊರಲ್ಲೇ ಯಾವುದಾದರೂ ದೊಡ್ಡ ದೇವಸ್ಥಾನದ ವಿಶೇಷ ದರ್ಶನದ ಸಾಲು ತೋರಿಸಿದ್ದರೆ ಮುಗೀತಿತ್ತು.

ಇನ್ನು ಬುದ್ಧಿವಂತರ ಉಪಾಯ ಒಂದಿದೆ. ಎಲ್ಲರಿಗೂ ಪಾಸು ಬೇಡ, ಮನೆಯಲ್ಲಿ ಒಬ್ಬರಿಗೆ ಸಾಕು. ದಿನಾ ಕೊಡೋ ಪಾರ್ಕಿಂಗ್ ದುಡ್ಡು ಉಳಿಯುತ್ತೆ, ಅವರ ಹೋಟೆಲು, ಅಂಗಡಿಗಳಲ್ಲಿ ಡಿಸ್ಕೌಂಟ್ ಸಿಗುತ್ತೆ. ಮಾತು ಸರಿಯಾಗೇ ಇದೆ. ಆದರೆ ಆ ಒಬ್ಬರು ಯಾರು? ಕಾರ್ಡ್ ಉಜ್ಜಿದ ಯಜಮಾನರೋ, ಅಂಗಡಿಯಲ್ಲಿ ಖರ್ಚು ಮಾಡೋ ಯಜಮಾನತಿಯೋ? ಆಸ್ತಿ ಪಾಲಿನಲ್ಲೂ ಇಷ್ಟು ಮಾತು ಬೆಳೆದಿರಲ್ಲ.

ಪಾಸಿನವರಿಗೆ ಕಂಪನಿ ಆಗಾಗ ಪುಕ್ಕಟೆ ಕೊಡೋ ವಸ್ತುವೂ ಒಂದಿದೆ: ಕಾರಿನ ಹಿಂದೆ ಅಂಟಿಸೋ ಮ್ಯಾಗ್ನೆಟ್. ಅದಕ್ಕೂ ಕ್ಯೂ. ಪಾಸಿಗೊಂದೇ, ಎರಡು ಕೇಳಿದರೆ ಕೊಡಲ್ಲ. ಹೊಸದು ಬಂತು ಅಂತ ಗೊತ್ತಾದರೆ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರ್ತಾರೆ ಜನ, ಹಾಕಿದ ದುಡ್ಡಿಗೆ ಅಷ್ಟಾದರೂ ವಸೂಲಾಗಲಿ ಅಂತ. ಅಲ್ಯುಮಿನಿಯಂ ಬಾಡಿಯ ಕಾರಿಗೆ ಅದು ಅಂಟೋದಿಲ್ಲ. ಅಂಥ ಕಾರಿನವರು ಏನು ಮಾಡಬೇಕು ಅಂತ ನನ್ನ ಕೇಳಬೇಡಿ, ಸೆಲ್ಲೋಟೇಪಿಗೆ ಪಾಸಿನ ಡಿಸ್ಕೌಂಟ್ ಇದೆಯಾ ನೋಡಿ.