ರಾಮ್ಸರ್ ಪಟ್ಟ ಸಿಕ್ಕಿತು, ಸೆಪ್ಟಿಕ್ ಗಾಡಿಗೆ ಜಾಗ ಸಿಗಲಿಲ್ಲ

ಕಳೆದ ವಾರ ಕುಮಟಾ ಕಡೆ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ದಡದಲ್ಲಿರುವ ಅತ್ತಿಗೆ ಮನೆಗೆ ಹೋಗಿದ್ದೆ. ನೀರು ಇಳಿದಿತ್ತು. ಅತ್ತಿಗೆ ಸೀರೆ ಎತ್ತಿಕಟ್ಟಿ, ಕೆಸರಲ್ಲಿ ಕೈಯಾಡಿಸಿ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಿದ್ದರು. ಬುಟ್ಟಿ ಅರ್ಧ ತುಂಬಿತ್ತು. ಹಳ್ಳ ಬಂದು ಸೇರುವ ಜಾಗಕ್ಕೆ ಮಾತ್ರ ಕಾಲಿಡಲಿಲ್ಲ. ಯಾಕೆ ಅಂತ ಕೇಳಿದೆ. "ಅಲ್ಲಿ ತೆಗಿಯೂದಿಲ್ಲ ತಮಾ, ವಾಸ್ನೆ" ಅಂದರು.

ಅವತ್ತೇ ರಾತ್ರಿ ಕಾರಣ ಕಣ್ಣಾರೆ ಕಂಡೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿ ಸೇತುವೆ ಪಕ್ಕ ನಿಂತಿತ್ತು. ದಪ್ಪ ಪೈಪು ನೇರ ಹಳ್ಳಕ್ಕೆ. ನಾವು ತಡೆದಾಗ ಡ್ರೈವರ್ ಜಗಳ ಆಡಲಿಲ್ಲ. "ಎಲ್ಲಿ ಹೊಯ್ಯಬೇಕು, ನೀವೇ ಹೇಳಿ" ಅಂದ. ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

2024ರ ಜನವರಿಯಲ್ಲಿ ಈ ಅಳಿವೆ ರಾಮ್ಸರ್ ತಾಣ, ಅಂದರೆ ಜಗತ್ತೇ ಮಹತ್ವದ್ದೆಂದು ಗುರುತಿಸಿದ ಜೌಗು ಪ್ರದೇಶ ಆಯ್ತು. 4801 ಹೆಕ್ಟೇರ್. ಅಣೆಕಟ್ಟು ಇಲ್ಲದೆ ಸಮುದ್ರ ಸೇರುವ ನದಿ ಇದು. ನಿಜಕ್ಕೂ ಹೆಮ್ಮೆ ಪಟ್ಟೆ. ಆದರೆ ಸರ್ಕಾರದವರು ನದಿಯ ಆರೋಗ್ಯ ಅಳೆಯುವ ರೀತಿ ನೋಡಿದರೆ ಚಿಂತೆಯಾಗುತ್ತದೆ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ 351 ಕಡೆ ನದಿ ಕೆಟ್ಟಿದೆ ಅಂತ ಪಟ್ಟಿ ಮಾಡಿತು. ನಮ್ಮ ರಾಜ್ಯದ್ದು 17. ದಾಂಡೇಲಿ ಕಡೆಯ ಕಾಳಿ ನದಿಯೂ ಅದರಲ್ಲಿತ್ತು. ಪಟ್ಟಿಗೆ ಅಳತೆ ಬಿಒಡಿ. ಅಂದರೆ ನೀರಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಪಟ್ಟಿಗೆ. ಕಾರ್ಖಾನೆ ನೀರು ಹಿಡಿಯಲು ಇದು ಒಳ್ಳೆ ಅಳತೆ, ಒಪ್ಪುತ್ತೇನೆ. ಆದರೆ ದಿನಕ್ಕೆ ಎರಡು ಸಲ ಭರತ (ಸಮುದ್ರದ ಉಬ್ಬರ) ಬಂದು ತೊಳೆಯುವ ಅಳಿವೆಯಲ್ಲಿ ಆ ಸಂಖ್ಯೆ ಚೆನ್ನಾಗಿ ಕಂಡರೂ ಮಲದ ಬ್ಯಾಕ್ಟೀರಿಯಾ ಉಳಿದಿರಬಹುದು. ಸ್ನಾನದ ನೀರಿಗೇ 100 ಮಿಲಿಲೀಟರಿಗೆ 2500 ಮೀರಬಾರದು ಅನ್ನುವ ಮಿತಿ ಇದೆ. ಬಳಚಂತೂ ಹೊಟ್ಟೆಪಾಡಿಗೆ ದಿನವಿಡೀ ನೀರನ್ನು ಸೋಸುತ್ತಲೇ ಇರುತ್ತದೆ. ನೀರಲ್ಲಿರುವುದು ಅದರ ಮೈಯಲ್ಲಿ ಸೇರುತ್ತದೆ. ಆಮೇಲೆ ನಮ್ಮ ಊಟದ ಸುಕ್ಕಕ್ಕೆ (ಬಳಚಿನ ಪಲ್ಯಕ್ಕೆ) ಬರುತ್ತದೆ.

ಮನೆಮನೆಗೆ ಶೌಚಾಲಯ ಕಟ್ಟಿಸಿದ್ದು ದೊಡ್ಡ ಕೆಲಸ. ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಗುಂಡಿ ತುಂಬಿದ ಮೇಲೆ ಮುಂದೇನು? ದೇವನಹಳ್ಳಿಯಲ್ಲಿ 2015ರಲ್ಲೇ ಗುಂಡಿಯಿಂದ ತೆಗೆದ ಮಲದ ಹೂಳನ್ನು ಶುದ್ಧ ಮಾಡುವ ಘಟಕ ಬಂತು. ಒಳಚರಂಡಿಯಷ್ಟು ಖರ್ಚಿಲ್ಲ, ರಸ್ತೆ ಅಗೆಯುವುದೂ ಬೇಡ. ಗಾಡಿ ಬರಬೇಕು, ಸುರಿಯಬೇಕು, ಅಷ್ಟೇ. ನಮ್ಮ ಅಳಿವೆ ಸುತ್ತಲಿನ ಊರುಗಳಿಗೆಲ್ಲ ಸೇರಿ ಅಂಥದ್ದೊಂದು ಬೇಕು. ಜೊತೆಗೆ ಹಳ್ಳದ ಬಾಯಲ್ಲೇ ನೀರು ಪರೀಕ್ಷೆ ಆಗಬೇಕು, ಫಲಿತಾಂಶವನ್ನು ಪಂಚಾಯ್ತಿ ಗೋಡೆಗೆ ಅಂಟಿಸಬೇಕು.

ಮುಂದಿನ ಗ್ರಾಮಸಭೆಗೆ ಅತ್ತಿಗೆಯೂ ಬರುತ್ತಾರಂತೆ. ಡ್ರೈವರ್ ಕೇಳಿದ ಪ್ರಶ್ನೆಯನ್ನೇ ಕೇಳುತ್ತೇವೆ. ಕುಮಟಾ ಕಡೆಯವರು ದಯವಿಟ್ಟು ನಿಮ್ಮ ಊರಿನ ಸಭೆಯಲ್ಲೂ ಕೇಳಿ.