ಹಳೆ ಮಿನಿ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ

"ಇದ್ರಾಗ 64 ಬಿಟ್ ಕೂಡಂಗಿಲ್ಲ ತಮ್ಮಾ, ಹೊಸಾದು ತಗೋ." ನಮ್ಮ ಗಂಗಾವತಿ ಕಡೆ ಡಿಗ್ರಿ ಹುಡುಗರಿಗೆ ಯಾರಾದರೂ ಹೀಗೆ ಹೇಳಿದಾಗ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಬಹಳ ಸಲ ಆ ಮಾತು ಸುಳ್ಳು: ವಿಂಡೋಸ್ ಜಾಗಕ್ಕೆ ಹಾಕಿಕೊಳ್ಳಬಹುದಾದ ಉಚಿತ ಲಿನಕ್ಸ್‌ನ 64 ಬಿಟ್ ಆವೃತ್ತಿ ಅದರಲ್ಲಿ ಓಡುತ್ತದೆ.

ಇಂಟೆಲ್ ಆಟಮ್ ಝಡ್3735ಎಫ್ ಇರುವ ಅಗ್ಗದ ಮಿನಿ ಲ್ಯಾಪ್‌ಟಾಪ್‌ಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಅದರ ಪ್ರೊಸೆಸರ್ 64 ಬಿಟ್‌ನದೇ, ಅಂದರೆ ಒಂದೇ ಸಲಕ್ಕೆ 64 ಬಿಟ್ (0 ಅಥವಾ 1) ಉದ್ದದ ಅಂಕಿಯನ್ನು ಹಿಡಿಯಬಲ್ಲದು. ಆದರೆ ಕಂಪನಿಗಳು 32 ಬಿಟ್ ವಿಂಡೋಸ್ ಹಾಕಿ ಮಾರಿದವು, ಅದಕ್ಕೆ ತಕ್ಕಂತೆ ಯುಇಎಫ್‌ಐ ಫರ್ಮ್‌ವೇರನ್ನೂ (ಯಂತ್ರ ಆನ್ ಮಾಡಿದಾಗ ಮೊದಲು ಓಡಿ ವಿಂಡೋಸ್ ಅಥವಾ ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) 32 ಬಿಟ್‌ನದೇ ಕೊಟ್ಟವು. ಯುಇಎಫ್‌ಐನಲ್ಲಿ ವಿಂಡೋಸ್ ಮತ್ತು ಫರ್ಮ್‌ವೇರ್ ಎರಡೂ ಒಂದೇ ಬಿಟ್ ಅಳತೆಯವು ಇರಲೇಬೇಕು. ಲಿನಕ್ಸ್‌ಗೆ ಆ ಹಟವಿಲ್ಲ.

ತೊಡಕು ಇರುವುದು ಪಾಯಿಂಟರ್‌ನಲ್ಲಿ, ಅಂದರೆ ಮೆಮೊರಿಯ ವಿಳಾಸದಲ್ಲಿ. ಈ ಫರ್ಮ್‌ವೇರ್ ಪ್ರತಿ ವಿಳಾಸವನ್ನು 4 ಬೈಟ್‌ನಲ್ಲಿ ಬರೆದಿಡುತ್ತದೆ, 64 ಬಿಟ್ ಕರ್ನಲ್ (ಲಿನಕ್ಸ್‌ನ ತಿರುಳು) 8 ಬೈಟ್ ಓದುತ್ತದೆ. ಆಗ ಪಕ್ಕಪಕ್ಕದ ಎರಡು ವಿಳಾಸ ಕೂಡಿ ಎಲ್ಲೂ ಇಲ್ಲದ ಮೂರನೆಯದಾಗುತ್ತದೆ: 4ನೇ ಮನೆ, 7ನೇ ಮನೆ ಅಂತ ಬರೆದದ್ದನ್ನು 47ನೇ ಮನೆ ಅಂತ ಓದಿಕೊಂಡ ಹಾಗೆ. ತಿರುಗಿ ಕರ್ನಲ್ ತನ್ನ ಉದ್ದನೆಯ ವಿಳಾಸ ಕೊಟ್ಟರೆ ಫರ್ಮ್‌ವೇರ್‌ಗೆ ಅರ್ಧವಷ್ಟೇ ಮುಟ್ಟುತ್ತದೆ. ರ‍್ಯಾಮ್ 2 ಜಿಬಿ ಇದ್ದರೂ ತಪ್ಪಿದ್ದಲ್ಲ, ಕರ್ನಲ್‌ನ ವರ್ಚುವಲ್ ವಿಳಾಸಗಳು (ಕರ್ನಲ್ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ವಿಳಾಸಗಳು) 4 ಬೈಟ್‌ಗೆ ಎಟುಕುವ 4 ಜಿಬಿಯ ಗಡಿಯಾಚೆಗೇ ಇರುತ್ತವೆ.

2014ರಲ್ಲಿ ಬಂದ ಲಿನಕ್ಸ್ 3.15 ಇದಕ್ಕೆ 'ಮಿಕ್ಸೆಡ್ ಮೋಡ್' ತಂದಿತು. ಫರ್ಮ್‌ವೇರ್ ಕರೆಯಬೇಕಾದಾಗಲೆಲ್ಲ ಕರ್ನಲ್ ತನ್ನ ವಿಳಾಸವನ್ನು 4 ಜಿಬಿಯೊಳಗಿನ ಫಿಸಿಕಲ್ (ಮೆಮೊರಿಯ ನಿಜವಾದ) ವಿಳಾಸವಾಗಿ ಬದಲಿಸಿ, ಪ್ರೊಸೆಸರನ್ನು ಕ್ಷಣಮಾತ್ರ 32 ಬಿಟ್‌ಗೆ ಇಳಿಸಿ, ಕೆಲಸ ಮುಗಿಸಿಕೊಂಡು ವಾಪಸ್ ಏರುತ್ತದೆ. ಬಡವರ ಕೈಯಲ್ಲಿರುವ ಯಂತ್ರಗಳಿಗಾಗಿ ಇಷ್ಟು ಸೂಕ್ಷ್ಮದ ಕೆಲಸ ಮಾಡಿದವರ ಮೇಲೆ ನನಗೆ ಅಪಾರ ಗೌರವ.

ಹಾಗಾದರೆ ಅಂಗಡಿಯಲ್ಲಿ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಬೂಟ್ ಆಗುವುದಿಲ್ಲ (ಅದರಿಂದ ಯಂತ್ರ ಶುರುವಾಗುವುದಿಲ್ಲ) ಏಕೆ? ಅದರ 'ಇಎಫ್‌ಐ/ಬೂಟ್' ಫೋಲ್ಡರ್ ತೆರೆದು ನೋಡಿ. ಬೂಟ್‌ಎಕ್ಸ್64 ಫೈಲ್ ಮಾತ್ರ ಇರುತ್ತದೆ. ಈ ಫರ್ಮ್‌ವೇರ್ ಹುಡುಕುವುದು ಬೂಟ್‌ಐಎ32 ಫೈಲನ್ನು. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12ರ 64 ಬಿಟ್ ಐಎಸ್‌ಒದಲ್ಲಿ (ಪೆನ್‌ಡ್ರೈವ್‌ಗೆ ಬರೆಯುವ ಇನ್‌ಸ್ಟಾಲ್ ಫೈಲ್‌ನಲ್ಲಿ) ಎರಡೂ ಇವೆ.

32 ಬಿಟ್ ಲಿನಕ್ಸನ್ನೇ ಹಾಕಿಕೊಂಡರಾಯಿತಲ್ಲ ಅನ್ನುವವರಿದ್ದಾರೆ. ಕ್ರೋಮ್ ಅದನ್ನು 2016ರಲ್ಲೇ ಕೈಬಿಟ್ಟಿದೆ. 2025ರ ಡೆಬಿಯನ್ 13ಕ್ಕೆ 32 ಬಿಟ್ ಪಿಸಿ ಇನ್‌ಸ್ಟಾಲರೇ ಇಲ್ಲ.

ಕೊಳ್ಳುವವರಿಗೆ ಫರ್ಮ್‌ವೇರ್ ಎಷ್ಟು ಬಿಟ್ ಅಂತ ಡಬ್ಬಿಯ ಮೇಲೆ ಕಂಪನಿಗಳೇ ಬರೆಯಬೇಕಿತ್ತು. ಈಗ ನೀವೇ ನೋಡಿಕೊಳ್ಳಿ: ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಬಯಾಸ್ ಮೋಡ್ ಯುಇಎಫ್‌ಐ, ಸಿಸ್ಟಮ್ ಟೈಪ್ ಎಕ್ಸ್86 ಅಂತಿದ್ದರೆ ನಿಮ್ಮದು 32 ಬಿಟ್ ಫರ್ಮ್‌ವೇರ್. ಕಾರಟಗಿ, ಕುಷ್ಟಗಿ ಕಡೆಯ ಯಾರ ಬಳಿಯಾದರೂ ಇಂಥದ್ದು ಇದ್ದರೆ ಮಾರುವ ಮುಂಚೆ ನನಗೊಂದು ಮೆಸೇಜ್ ಹಾಕಿ, ಪೆನ್‌ಡ್ರೈವ್ ನಾನೇ ಮಾಡಿಕೊಡುತ್ತೇನೆ.