ಶ್ರೀರಂಗಪಟ್ಟಣ ಬಿದ್ದದ್ದು ಒಬ್ಬನ ದ್ರೋಹದಿಂದಲೇ?

1799ರ ಮೇ 4ರಂದು ಒಬ್ಬ ಒಳದ್ರೋಹಿಯಿಂದಲೇ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿತ್ತು ಎಂಬ ಸಂದೇಶ ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಒಳಸಂಚು ನಡೆದಿರಬಹುದು, ‘ಅದರಿಂದಲೇ’ ಅನ್ನುವುದು ತಪ್ಪು.

1790ರಲ್ಲೇ ಹೈದರಾಬಾದಿನ ನಿಜಾಮ, ಮರಾಠರು ಟಿಪ್ಪುವಿನ ವಿರುದ್ಧ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸೇರಿದ್ದರು. ಆ ಯುದ್ಧದಲ್ಲಿ ಸೋತು, 1792ರ ಒಪ್ಪಂದದಲ್ಲಿ ಮೈಸೂರು ಸುಮಾರು ಅರ್ಧ ರಾಜ್ಯ ಬಿಟ್ಟುಕೊಟ್ಟು, 3.3 ಕೋಟಿ ರೂಪಾಯಿ ತೆರಬೇಕಾಯಿತು. ಸಿಪಾಯಿಗಳ ಸಂಬಳ, ಮದ್ದುಗುಂಡು ನಡೆಯುತ್ತಿದ್ದದ್ದೇ ಕಂದಾಯದಿಂದ. ಆ ಬುಡವೇ ಕುಸಿಯಿತು. 1798ರಲ್ಲಿ ನಿಜಾಮ ಸಹಾಯಕ ಸೈನ್ಯ ಪದ್ಧತಿಗೆ, ಅಂದರೆ ತನ್ನ ಖರ್ಚಿನಲ್ಲಿ ಕಂಪನಿಯ ಸೈನ್ಯ ಇಟ್ಟುಕೊಳ್ಳುವುದಕ್ಕೆ, ಒಪ್ಪಿದ. ಮರುವರ್ಷ ಅವನ ಸೇನೆಯೂ ಮುತ್ತಿಗೆಗೆ ಬಂತು. ಕೋಟೆಗೋಡೆಯನ್ನು ಒಡೆದದ್ದು ಫಿರಂಗಿ, ಅದೂ ಕಾವೇರಿ ತಗ್ಗಿದ್ದ ಬೇಸಿಗೆಯಲ್ಲಿ.

ಸಂದೇಶದಲ್ಲಿ ‘ಒಬ್ಬನೇ’, ‘ಒಂದೇ ದಿನ’ ಎಂದಿದ್ದರೆ ಅದರ ಹಿಂದಿನ 10 ವರ್ಷಗಳ ಒಪ್ಪಂದಗಳನ್ನು ತಾರೀಖಿನ ಕ್ರಮದಲ್ಲಿ ಬರೆದುಕೊಳ್ಳಿ. ಗ್ಯಾಸೆಟಿಯರ್ (ಜಿಲ್ಲೆಯ ಇತಿಹಾಸ, ವಿವರಗಳಿರುವ ಸರ್ಕಾರಿ ಗ್ರಂಥ) ತೆರೆದು ಹೋಲಿಸಿ. ಬಿಡುವಿದ್ದಾಗ ಕೋಟೆಯ ವಾಯವ್ಯ ಮೂಲೆಗೂ ಹೋಗಿ, ಗೋಡೆ ಒಡೆದ ಜಾಗ ಅಲ್ಲಿದೆ.